ಎಲೆನ್ ಹೊಲಕ್ಕೆ ನಾನೆತ್ತಿದ ಕೈ

ಮಾನ್ವಿ ಬಿಟ್ಟದ್ದು

ನನ್ನ ಮಟ್ಟಿಗೆ ಪ್ರವಾಸವೆಂದರೆ ಮಾನ್ವಿಯಲ್ಲಿ ಬಸ್ಸು ಹತ್ತಿ ದೇವದುರ್ಗಕ್ಕೆ ಹೋಗಿ, ಯಾರದೋ ಹೊಲ ಅಳೆದು, ಸಂಜೆಯ ಬಸ್ಸಿನಲ್ಲಿ ನಿಂತುಕೊಂಡೇ ಮರಳಿ ಬರುವುದು. ಹೆಚ್ಚೆಂದರೆ ರಾಯಚೂರಿನ ಕಚೇರಿ. ಇಂಥವನು ಅಮೆರಿಕಕ್ಕೆ ಹೊರಟಿದ್ದೇನೆಂದರೆ ನನ್ನ ಹೆಂಡತಿ ಶಾಂತಮ್ಮ ಮೂರು ದಿನ ನಂಬಲಿಲ್ಲ. ನಾಲ್ಕನೆಯ ದಿನ ನಂಬಿದಳು. ನಂಬಿದ ಕೂಡಲೇ ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂತಳು.

"ಆ ಮಂದಿ ಏನ್ ತಿಂತಾರೋ ಏನೋ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ರ ಜೀವ ಹಿಡ್ಕೊಂಡಿರಬಹುದು" ಎಂದಳು.

ನಾನು ನಿವೃತ್ತ ಸರ್ವೇಯರ್. ಹುಟ್ಟಿದ್ದು ಮಲ್ಲಟದಲ್ಲಿ. ನಮ್ಮಪ್ಪನಿಗೆ ಹೊಲ ಇರಲಿಲ್ಲ, ಆದರೆ ಸುತ್ತಲಿನ ಎಲ್ಲರ ಹೊಲವೂ ಗೊತ್ತಿತ್ತು. ಸರ್ವೇ ಸಾಹೇಬರ ಹಿಂದೆ ಕಬ್ಬಿಣದ ಸರಪಳಿ ಹಿಡಿದು ನಡೆಯುವುದು ಅವನ ಕೂಲಿ. ನಾನು ಓದಿ ಅದೇ ಸಾಹೇಬರ ಜಾಗಕ್ಕೆ ಬಂದೆ. ನಿವೃತ್ತನಾದ ಮೇಲೂ ಅಳೆಯುವುದು ಬಿಡಲಿಲ್ಲ. ಈಗ ನನ್ನನ್ನು ಕರೆಯುವವರು ಹೆಚ್ಚಾಗಿ ಹೊಲವನ್ನು ಎನ್.ಎ. ಮಾಡಿಸಿ, ಅಂದರೆ ಬೇಸಾಯದಿಂದ ಬಿಡಿಸಿ, ಪ್ಲಾಟು ಹಾಕುವವರು. ಮಾನ್ವಿಯಿಂದ ರಾಯಚೂರಿಗೆ ಹೋಗುವ ದಾರಿಯಲ್ಲಿ ಬಣ್ಣದ ಬಾವುಟ, ಸಿಮೆಂಟಿನ ಕಮಾನು, ಒಳಗೆ ಬರೀ ಜಾಲಿಕಂಟಿ ಕಂಡರೆ, ಅವುಗಳಲ್ಲಿ ಅರ್ಧ ನಾನೇ ಅಳೆದು ಕೊಟ್ಟದ್ದು ಎಂದು ತಿಳಿಯಿರಿ.

ನನ್ನನ್ನು ಈ ಪ್ರವಾಸಕ್ಕೆ ಎಳೆದದ್ದು ಸುಜಾತಾ. ದೇವದುರ್ಗದ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಗೆಳತಿಯರನ್ನು ಕಟ್ಟಿಕೊಂಡು ಹಳ್ಳಿಗಳ ಗಾಯರಾಣ, ಅಂದರೆ ದನ ಮೇಯುವ ಊರ ಜಾಗ ಉಳಿಸುವ ಕೆಲಸ ಮಾಡುತ್ತಾಳೆ. ಅಮೆರಿಕದಲ್ಲಿ ಸಣ್ಣ ಊರುಗಳಿಗೆ ತಮ್ಮ ಹೊಲ, ಬಯಲು ಉಳಿಸಿಕೊಳ್ಳಲು ನೆರವಾಗುವ ಒಂದು ಸಂಸ್ಥೆ ಅವಳಿಗೆ ಪತ್ರ ಬರೆದು, ಇನ್ನಿಬ್ಬರನ್ನು ಕರೆದುಕೊಂಡು ಬಾ ಎಂದಿತ್ತು. ರಾಯಚೂರಿನ ತರಕಾರಿ ಸಗಟು ವ್ಯಾಪಾರಿ ಖಾಜಾ ಭಾಯಿ ಒಬ್ಬರು. ಇನ್ನೊಬ್ಬ ನಾನು.

"ನಾನ್ಯಾಕವ್ವಾ?" ಎಂದೆ.

"ಹೊಲ ಉಳಸೋರಿಗೆ ಹೊಲ ಕೆಡಸೋರ ಕೆಲಸಾನೂ ಗೊತ್ತಿರಬೇಕಲ್ರೀ, ದುರುಗಪ್ಪ ಕಾಕಾ" ಎಂದಳು, ನಕ್ಕೊಂತ.

ಸಿಟ್ಟು ಬಂತು. ಆದರೂ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆ.

ವಿಮಾನ ಇಳಿದಲ್ಲಿ

ನ್ಯೂಯಾರ್ಕಿನಲ್ಲಿ ಇಳಿದವರಿಗೆ ಒಂದು ಪ್ರಶ್ನೆ ಕೇಳುತ್ತಾರೆ: ಇತ್ತೀಚೆಗೆ ಹೊಲಕ್ಕೆ ಹೋಗಿದ್ದಿರಾ? ಇದೆಂಥ ಪ್ರಶ್ನೆ! ನಾನು ಹೊಲ ಬಿಟ್ಟು ಬೇರೆಲ್ಲಿಗೆ ಹೋಗಿದ್ದೇನೆ? ಹೊರಡುವ ಹಿಂದಿನ ದಿನವೇ ಹಿರೇಕೊಟ್ನೆಕಲ್‌ನಲ್ಲಿ ಅಣ್ಣತಮ್ಮಂದಿರ ಪಾಲು ಅಳೆದು ಬಂದಿದ್ದೆ. ಇದ್ದದ್ದು ಇದ್ದಂಗೆ ಹೇಳಿದೆ. ಖಾಜಾ ಭಾಯಿ ಹಿಂದಿನಿಂದ ಅಂಗಿ ಜಗ್ಗಿ, "ಅರೇ ಸರ್ವೇಯರ್ ಸಾಬ್, ಇಲ್ಲಾ ಅನ್ರಿ, ಇಲ್ಲಾ ಅನ್ರಿ" ಎಂದು ಪಿಸುಗುಟ್ಟುತ್ತಿದ್ದರು.

ನನ್ನನ್ನು ಪಕ್ಕದ ಕೋಣೆಗೆ ಕರೆದೊಯ್ದರು. ಅಧಿಕಾರಿ ನನ್ನ ಬೂಟು ಬಿಚ್ಚಿಸಿಕೊಂಡು, ತಿರುವಿ ನೋಡಿ, ಅಟ್ಟೆಗೆ ಮೆತ್ತಿದ್ದ ನಮ್ಮ ಎರೆಮಣ್ಣನ್ನು ತಾನೇ ಬ್ರಷ್ಷು ಹಿಡಿದು ತಿಕ್ಕಿ ತೊಳೆದ. ಆಮೇಲೆ ಒರೆಸಿ ಕಾಲ ಬಳಿ ಇಟ್ಟ. ನಮ್ಮಪ್ಪ ಜೀವಮಾನವೆಲ್ಲ ಸಾಹೇಬರ ಬೂಟಿನ ಮಣ್ಣು ಕೆರೆದವನು. ಸರಕಾರಿ ಸಾಹೇಬನೊಬ್ಬ ಅವನ ಮಗನ ಬೂಟು ತೊಳೆದುಕೊಟ್ಟದ್ದನ್ನು ಅವನಿಗೆ ಹೇಳಲು ಆಗಲಿಲ್ಲವಲ್ಲ ಎಂದು ಆ ಹೊತ್ತಿಗೆ ಬಹಳ ಅನ್ನಿಸಿತು. ರೊಟ್ಟಿಗೆ ಮಾತ್ರ ಯಾರೂ ಕೈ ಹಚ್ಚಲಿಲ್ಲ. ಖಾಜಾ ಭಾಯಿ ತಂದಿದ್ದ ಹಸಿ ಮೆಣಸಿನಕಾಯಿ ಕಸದ ಡಬ್ಬಿಗೆ ಹೋಯಿತು. ಅವರು ನ್ಯೂಯಾರ್ಕನ್ನು ಇವತ್ತಿಗೂ ಕ್ಷಮಿಸಿಲ್ಲ.

ಎಲೆನ್ ಮನೆ

ನಾವಿದ್ದದ್ದು ಮ್ಯಾಸಚೂಸೆಟ್ಸ್ ಎಂಬ ರಾಜ್ಯದ ಒಂದು ಸಣ್ಣ ಊರಲ್ಲಿ, ಎಲೆನ್ ಎಂಬ ರೈತ ಮಹಿಳೆಯ ಮನೆಯಲ್ಲಿ. ಅರವತ್ತರ ಹೆಂಗಸು. ನನಗಿಂತ ಒಂದು ಗೇಣು ಎತ್ತರ, ಮಾತು ಕಡಿಮೆ. ಇಲ್ಲೊಂದು ವಿಷಯ ಹೇಳಿಬಿಡಬೇಕು. ನನಗೆ ಬರುವುದು ಕಚೇರಿಯ ಇಂಗ್ಲಿಷು. ಈ ಮಂದಿ ಆಡುವುದು ಬಾಯಿಯ ಇಂಗ್ಲಿಷು. ಅದನ್ನೆಲ್ಲ ಸುಜಾತಾ ಪಕ್ಕದಲ್ಲಿ ಕೂತು ದೇವದುರ್ಗದ ಕನ್ನಡಕ್ಕೆ ಇಳಿಸುತ್ತಿದ್ದಳು. ಹೀಗಾಗಿ ನನ್ನ ನೆನಪಿನಲ್ಲಿ ಆ ಊರಿನವರೆಲ್ಲ ದೇವದುರ್ಗದವರ ಹಾಗೇ ಮಾತಾಡುತ್ತಾರೆ. ಹಾಗೇ ಬರೆಯುತ್ತೇನೆ.

ಮೇ ತಿಂಗಳು. ನಮ್ಮಲ್ಲಿ ಕಾಗೆಯೂ ನೆರಳು ಹುಡುಕುವ ಕಾಲ. ಅಲ್ಲಿ ನಾನು ಎರಡು ಸ್ವೆಟರ್ ಹಾಕಿಕೊಂಡು ಹಲ್ಲು ಕಟಕಟಿಸುತ್ತಿದ್ದೆ, ಎಲೆನ್ ಅರ್ಧ ತೋಳಿನ ಅಂಗಿಯಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದಳು. ರಸ್ತೆ ಪಕ್ಕ ಅವಳದೊಂದು ಸಣ್ಣ ಅಂಗಡಿ. ಅಂಗಡಿ ಅಂದರೆ ಒಂದು ಮೇಜು, ಮೇಲೊಂದು ತಗಡು, ಕಾಯುವವರಿಲ್ಲ. ಜನ ಕಾರು ನಿಲ್ಲಿಸಿ ಬೇಕಾದ ಸೊಪ್ಪು, ಮೂಲಂಗಿ ತೆಗೆದುಕೊಂಡು, ಡಬ್ಬಿಗೆ ದುಡ್ಡು ಹಾಕಿ ಹೋಗುತ್ತಾರೆ. ಖಾಜಾ ಭಾಯಿಗೆ ಇದನ್ನು ಸಹಿಸಲಾಗಲಿಲ್ಲ. ಕಾವಲಿಲ್ಲದ್ದಕ್ಕಲ್ಲ, ಜೋಡಿಸಿದ ರೀತಿಗೆ. "ಛೇ ಛೇ, ಮಾಲಿಗಿ ಮರ್ಯಾದಿ ಇಲ್ಲೇನ್ರೀ?" ಎಂದು ಮೂಲಂಗಿಯನ್ನು ಬಾಲ ಒಳಗೆ ಮುಖ ಹೊರಗೆ ಮಾಡಿ ಗೋಪುರ ಕಟ್ಟಿದರು, ಸೊಪ್ಪಿನ ಮೇಲೆ ನೀರು ಚಿಮುಕಿಸಿದರು. ಮಧ್ಯಾಹ್ನದೊಳಗೆ ಮೇಜು ಖಾಲಿ. ಎಲೆನ್ ಬಂದು ಖಾಲಿ ಮೇಜು ನೋಡಿ, ಖಾಜಾ ಭಾಯಿಯನ್ನು ನೋಡಿ, ಇನ್ನೊಂದು ಬುಟ್ಟಿ ತಂದಿಟ್ಟಳು.

ಆವತ್ತು ಊಟದ ಹೊತ್ತಿಗೆ ಖಾಜಾ ಭಾಯಿ ಮನಸ್ಸಿನಲ್ಲಿದ್ದದ್ದು ಹೇಳಿದರು. "ನಮ್ಮ ಅಬ್ಬಾನ ಕಾಲಕ್ಕ ರಾಯಚೂರ ಸುತ್ತನೇ ಬದನಿಕಾಯಿ, ಪುಂಡಿಪಲ್ಲೆ ಬೆಳೀತಿದ್ರು. ನಸುಕಿನಾಗ ತಲಿ ಮ್ಯಾಲ ಹೊತ್ಕೊಂಡು ಬಜಾರಕ್ಕ ಬರತಿದ್ರು. ಈಗ ಎಲ್ಲಾ ಪ್ಲಾಟು. ನಾ ಲಾರಿ ದಾರಿ ಕಾಯ್ಕೊಂತ ಕುಂದರ್ತೀನಿ." ನನ್ನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ನನಗೆ ತಾಗಿತು.

ಬೇಲಿಗುಂಟ

ಅಲ್ಲಿಯ ಕ್ರಮ ಏನೆಂದರೆ, ಊರು ಒಬ್ಬ ರೈತನ ಹೊಲದ ಮೇಲೆ ಮನೆ ಕಟ್ಟುವ ಹಕ್ಕನ್ನಷ್ಟೇ ಕೊಂಡುಕೊಳ್ಳುತ್ತದೆ. ಹೊಲ ರೈತನದೇ. ಉಳಲಿ, ಬಿತ್ತಲಿ, ಬೇಕಾದರೆ ಮಾರಲಿ. ಆದರೆ ಯಾರೇ ಕೊಂಡರೂ ಅಲ್ಲಿ ಕಟ್ಟಡ ಏಳುವಂತಿಲ್ಲ, ಮುಂದೆ ಎಂದೆಂದಿಗೂ. ಕಾಗದ ಪತ್ರಕ್ಕೆ, ತಿಳಿಹೇಳುವುದಕ್ಕೆ ಆ ಸಂಸ್ಥೆ ಊರಿನ ಜೊತೆ ನಿಲ್ಲುತ್ತದೆ. ಆಮೇಲೆ ವರ್ಷಕ್ಕೊಮ್ಮೆ ಒಬ್ಬರು ಹೋಗಿ ಆ ಹೊಲದ ಅಂಚಿನಗುಂಟ ಪೂರ್ತಿ ಒಂದು ಸುತ್ತು ನಡೆದು, ಎಲ್ಲ ಸರಿಯಿದೆ ಎಂದು ಬರೆದುಕೊಂಡು, ಮಾಲೀಕನ ಕೈ ಕುಲುಕಿ ಬರಬೇಕು.

ಪಕ್ಕದ ಹೊಲಕ್ಕೆ ಹೀಗೆ ನಡೆಯುವ ಪಾಳಿ ಎಲೆನ್‌ಳದು. ನಮ್ಮನ್ನೂ ಕರೆದೊಯ್ದಳು. ಹೊಲದ ಅಂಚಿಗೆ ಮೊಣಕಾಲೆತ್ತರದ ಕಲ್ಲಿನ ಗೋಡೆ. ಹಿಂದಿನವರು ಉಳುವಾಗ ಸಿಕ್ಕ ಕಲ್ಲನ್ನೆಲ್ಲ ಒಟ್ಟಿದ್ದು. ಅವಳ ಕೈಯಲ್ಲಿದ್ದ ಹಳೆಯ ಪತ್ರದಲ್ಲಿ ಹೊಲದ ಗಡಿಯನ್ನು ಹೀಗೆ ಬರೆದಿತ್ತಂತೆ: ಓಕ್ ಮರದಿಂದ ಕಲ್ಲುಗುಂಪಿಯವರೆಗೆ, ಅಲ್ಲಿಂದ ಹಳ್ಳದವರೆಗೆ. ನಾನು ಕುಣಿಯುವುದೊಂದು ಬಾಕಿ. ನಮ್ಮ ಹಳೆಯ ಕಾಗದಗಳಲ್ಲೂ ಹುಣಸೆಮರದಿಂದ ಹಾಳುಬಾವಿವರೆಗೆ ಎಂದೇ ಇರುತ್ತದೆ. ಹುಣಸೆಮರ ಕಡಿದ ಮೇಲೆ ಅಣ್ಣತಮ್ಮಂದಿರು ಇಪ್ಪತ್ತು ವರ್ಷ ಕೋರ್ಟಿಗೆ ಅಲೆಯುತ್ತಾರೆ, ಅಷ್ಟೇ ವ್ಯತ್ಯಾಸ.

ನಡೆಯುತ್ತಾ ಸುಜಾತಾ ಕೇಳಿದಳು, "ನಿಮ್ಮ ಹೊಲಕ್ಕ ಯಾರು ನಡೀತಾರ?"

ಎಲೆನ್ ನಿಂತಳು. "ನನ್ನ ಹೊಲ ಇನ್ನಾ ಆ ಪಟ್ಟಿಯಾಗಿಲ್ಲ. ನಾನು, ನನ್ನ ತಮ್ಮ ಇಬ್ಬರೂ ಪಾಲುದಾರರು. ಅವಗ ಬೇಸಾಯ ಬ್ಯಾಡ. ಮನಿ ಕಟ್ಟೋ ಕಂಪನಿ ಬಂದು ಕುಂತೈತಿ. ಊರು ಹಕ್ಕು ಕೊಂಡ್ರ ಅವನ ಪಾಲಿನ ರೊಕ್ಕ ಅವಗ ಮುಟ್ಟತೈತಿ, ಹೊಲ ನನಗ ಉಳೀತೈತಿ. ಶನಿವಾರದ ಊರಸಭೆಯ ತನಕ ತಡೀತೀನಿ ಅಂದಾನ."

"ಸಭ್ಯಾಗ ಆಗಲಿಲ್ಲ ಅಂದ್ರ?"

"ಸೋಮವಾರ ಸಹಿ" ಎಂದಳು. ಮತ್ತೆ ನಡೆಯತೊಡಗಿದಳು. ಹತ್ತು ವರ್ಷದಿಂದ ಬೇರೆಯವರ ಹೊಲ ಕಾಯಲು ನಡೆಯುತ್ತಿರುವವಳಿಗೆ ತನ್ನದೇ ಹೊಲ ನಾಲ್ಕು ದಿನದ ಆಚೆ ಇರುತ್ತದೋ ಇಲ್ಲವೋ ಗೊತ್ತಿರಲಿಲ್ಲ. ನನಗೆ ಅವಳ ಮೇಲೆ ಅಕ್ಕನ ಮೇಲಿನಂಥ ಪ್ರೀತಿ ಹುಟ್ಟಿತು.

ಶನಿವಾರದ ಸಭೆ

ಸಭೆ ನಡೆದದ್ದು ಶಾಲೆಯ ಆಟದ ಹಾಲಿನಲ್ಲಿ, ಬಾಸ್ಕೆಟ್‌ಬಾಲಿನ ಬಲೆಯ ಕೆಳಗೆ. ಊರಿಗೆ ಊರೇ ಸೇರಿ ಕೈ ಎತ್ತಿ ತೀರ್ಮಾನ ಮಾಡುವುದು ಅವರ ಪದ್ಧತಿ. ಮತದಾರರು ಮುಂದೆ, ನಮ್ಮಂಥ ಹೊರಗಿನವರು ಹಿಂದೆ, ನಡುವೆ ಒಂದು ಹಗ್ಗ. ವೇದಿಕೆ ಮೇಲೆ ಮರದ ಸುತ್ತಿಗೆ ಹಿಡಿದ ಅಧ್ಯಕ್ಷೆ. ಹಿಮ ತೆಗೆಯುವ ಲಾರಿ ಹಳೆಯದಾಯಿತೋ ಇಲ್ಲವೋ ಎಂಬುದರ ಮೇಲೆ ಒಂದು ತಾಸು ಮಾತಾಡಿದರು. ಹೆಂಗಸರು ಸ್ವೆಟರ್ ಹೆಣೆಯುತ್ತಲೇ ಕೇಳುತ್ತಿದ್ದರು. ಯಾರೂ ಯಾರ ಅಂಗಿ ಕೊರಳಪಟ್ಟಿಯನ್ನೂ ಹಿಡಿಯಲಿಲ್ಲ. ಖಾಜಾ ಭಾಯಿಗೆ ಬೇಸರ ಬಂದು, ಊಟ ತಯಾರಿಸುತ್ತಿದ್ದ ಅಡುಗೆಕೋಣೆಗೆ ಎದ್ದು ಹೋದರು.

ಎಲೆನ್ ಹೊಲದ ಸರದಿ ಬಂತು. ಹಾಲಿನ ಮುಂಭಾಗದ ಗೋಡೆಗೆ ಹೊಲದ ನಕಾಶೆ ತೂಗುಹಾಕಿದರು. ನಕಾಶೆ ಕಂಡ ಮೇಲೆ ಸರ್ವೇಯರ್ ಸುಮ್ಮನೆ ಕೂಡುವುದುಂಟೇ? ಬೆಲ್ಲಕ್ಕೆ ಇರುವೆ ಹೋದ ಹಾಗೆ ಹಗ್ಗ ದಾಟಿ ಹೋದೆ. ಹತ್ತಿರ ಖಾಲಿ ಕುರ್ಚಿಯೊಂದಿತ್ತು, ಕೂತುಬಿಟ್ಟೆ. ಪಕ್ಕದಲ್ಲಿ ಕೆಂಪು ಟೋಪಿಯ ಮುದುಕ.

ಅವನೇ ಮೊದಲು ಎದ್ದು ವಿರೋಧಿಸಿದ. ಅವನ ಮಾತು ಆಮೇಲೆ ಸುಜಾತಾ ಹೇಳಿದ್ದು: "ನನ್ನ ಮೊಮ್ಮಗಳಿಗಿ ಈ ಊರಾಗ ಒಂದು ಮನಿ ಸಿಗವಲ್ದು. ಇದ್ದ ಹೊಲಾ ಎಲ್ಲಾ ಹಿಂಗ ಕಟ್ಟಿಹಾಕಿದ್ರ ಚಿಕ್ಕವರು ಎಲ್ಲಿ ಇರಬೇಕು?" ಸುಳ್ಳಲ್ಲ. ಎಲೆನ್ ಎದ್ದು ಹೇಳಿದ್ದು ಎರಡೇ ಮಾತು: "ನಾ ಮಾತಾಡಾಕ ಬರಂಗಿಲ್ಲ. ನೀವೆಲ್ಲಾ ಆ ಹೊಲದ ಜ್ವಾಳ ತಿಂದೀರಿ." ಜೋಳವೆಂದರೆ ಅವರಲ್ಲಿ ಮೆಕ್ಕೆಜೋಳ.

ಮೂರರಲ್ಲಿ ಎರಡು ಪಾಲು ಕೈ ಏಳಬೇಕು. ಅಧ್ಯಕ್ಷೆ ಕರೆ ಕೊಟ್ಟಳು. ಕೈಗಳು ಎದ್ದವು. ನನ್ನದೂ ಎದ್ದಿತು.

ದೇವರಾಣೆಗೂ ನಾನು ಯೋಚಿಸಿ ಎತ್ತಿದ್ದಲ್ಲ. ನಮ್ಮ ಗ್ರಾಮಸಭೆಯಲ್ಲಿ "ಎಲ್ಲಾರೂ ಕೈ ಎತ್ತರಿ" ಎಂದರೆ ಒಳಗಿದ್ದವರೆಲ್ಲ ಎತ್ತುತ್ತಾರೆ: ಚಹಾ ತಂದವನು, ಬಸ್ಸು ತಪ್ಪಿ ನೆರಳಿಗೆ ಕೂತವನು, ತವರಿಗೆ ಬಂದ ಹೆಣ್ಣುಮಗಳು. ಎತ್ತದಿದ್ದರೆ ಜಗಳಕ್ಕೆ ಬಂದವನು ಎಂದು ತಿಳಿಯುತ್ತಾರೆ. ಅಳೆಯಲು ಹೋದ ಊರುಗಳಲ್ಲೆಲ್ಲ ಮೂವತ್ತೈದು ವರ್ಷ ನಾನು ಕೈ ಎತ್ತಿದ್ದೇನೆ. ಎಣಿಸುವ ಹೆಂಗಸು ನನ್ನ ಸಾಲಿನ ಮೇಲೆ ಬೆರಳಾಡಿಸುತ್ತ ಮುಂದೆ ಹೋದಳು.

ಪರವಾಗಿ ತೊಂಬತ್ತೆಂಟು, ವಿರೋಧ ನಲವತ್ತೊಂಬತ್ತು. ಸುತ್ತಿಗೆ ಬಿತ್ತು. ಪಾಸಾಯಿತು. ಹಾಲೆಲ್ಲ ಚಪ್ಪಾಳೆ. ಯಾರೋ ಎಲೆನ್‌ಳನ್ನು ತಬ್ಬಿಕೊಂಡರು. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಳು.

ನಾನೂ ಚಪ್ಪಾಳೆ ತಟ್ಟುತ್ತಿದ್ದೆ. ತಟ್ಟುತ್ತಲೇ ತಲೆಯಲ್ಲಿ ಲೆಕ್ಕ ನಡೆಯಿತು, ಹಾಳು ಅಭ್ಯಾಸ. ತೊಂಬತ್ತೆಂಟರ ಅರ್ಧ ನಲವತ್ತೊಂಬತ್ತು. ಕರೆಕ್ಟಾಗಿ ಮೂರರಲ್ಲಿ ಎರಡು. ಒಂದು ಕೈ ಕಡಿಮೆಯಾಗಿದ್ದರೂ ಬೀಳುತ್ತಿತ್ತು. ಆ ಒಂದು ಕೈ ಇನ್ನೂ ಚಪ್ಪಾಳೆ ತಟ್ಟುತ್ತಿತ್ತು.

ಸುಜಾತಾ ಹಗ್ಗದ ಹತ್ತಿರ ಬಂದು ನಿಂತಿದ್ದಳು. ಮುಖ ಬಿಳುಚಿತ್ತು. "ಕಾಕಾ, ನೀವು ಕೈ ಎತ್ತಿದ್ರೇನು?"

"ಎತ್ತಿದೆ."

ಅವಳು ಎಲೆನ್ ಕಡೆ ನೋಡಿದಳು. ಆಮೇಲೆ ಮೆಲ್ಲಗೆ, "ಸುಮ್ಮನ ಇದ್ದುಬಿಡ್ರಿ. ಯಾರೂ ನೋಡಿಲ್ಲ. ಒಳ್ಳೇದಕ್ಕ ಆಗೇತಿ" ಎಂದಳು. ಮಕ್ಕಳು ಕಾಪಿ ಹೊಡೆದರೆ ಹಾಲಿನಿಂದ ಹೊರಗೆ ಹಾಕುವ ಸುಜಾತಾ!

ಸುಮ್ಮನಿರಲು ನನಗೂ ಆಸೆಯಾಯಿತು. ಎಲೆನ್ ಆಗ ಮುಖದಿಂದ ಕೈ ತೆಗೆದಿದ್ದಳು. ಅವಳು ನಗುವುದನ್ನು ನೋಡಿದ್ದು ಅದೇ ಮೊದಲು. ಆದರೆ ನಮ್ಮಪ್ಪನ ಮಾತೊಂದಿತ್ತು. ಯಾರಾದರೂ ರೈತ ಬಂದು ಸರಪಳಿ ಸ್ವಲ್ಪ ನನ್ನ ಕಡೆಗೆ ಜಗ್ಗಪ್ಪಾ ಎಂದರೆ ಅವನು ಹೇಳುತ್ತಿದ್ದ: "ಸರಪಳಿ ಜಗ್ಗಿದ್ರ ಹೊಲ ಬೆಳೆಯಂಗಿಲ್ಲೋ ಯಪ್ಪಾ, ಜಗಳ ಬೆಳೀತೈತಿ." ನಾಳೆ ಯಾರಾದರೂ ಈ ಕೈಯನ್ನು ಹಿಡಿದರೆ ಹೊಲವೂ ಹೋದೀತು, ಎಲೆನ್ ಮಾನವೂ ಹೋದೀತು. ಯಾರೂ ಹಿಡಿಯದಿದ್ದರೂ ನನಗೆ ಗೊತ್ತಿರುತ್ತದಲ್ಲ.

ಎದ್ದು ಮೈಕಿನ ಹತ್ತಿರ ಹೋದೆ. "ಮೇಡಂ," ಎಂದೆ, "ಒನ್ ಹ್ಯಾಂಡ್ ಈಸ್ ಮೈನ್. ಐ ಆಮ್ ನಾಟ್ ದಿಸ್ ವಿಲೇಜ್."

ಹೆಣೆಯುವ ಸೂಜಿಗಳು ನಿಂತವು. ಎಲೆನ್ ನನ್ನನ್ನೇ ನೋಡುತ್ತಿದ್ದಳು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಕೊಟ್ಟ ಅನ್ನ ತಿಂದು, ಹಾಸಿದ ಹಾಸಿಗೆಯಲ್ಲಿ ಮಲಗಿ, ಕೊನೆಗೆ ಅವಳ ಹೊಲ ಕಳೆದೆನಲ್ಲ!

ಅಧ್ಯಕ್ಷೆ ಪಕ್ಕದವರ ಜೊತೆ ಪಿಸುಮಾತಾಡಿ ಸುತ್ತಿಗೆ ಬಡಿದಳು. ಆ ಮತ ರದ್ದು, ಈಗಲೇ ಮತ್ತೊಮ್ಮೆ ಎಣಿಸುತ್ತೇವೆ, ಹೊರಗಡೆ ಇರುವ ಮತದಾರರಿದ್ದರೆ ಕರೆಯಿರಿ ಎಂದಳು. ನನ್ನನ್ನು ಹಗ್ಗದ ಹಿಂದೆ ಕಳಿಸಿದರು.

ಆಗ ಯಾರಿಗೋ ಅಡುಗೆಕೋಣೆ ನೆನಪಾಯಿತು. ಊರಿಗೆಲ್ಲ ಊಟ ಮಾಡಿಹಾಕುವ ಹೆಂಗಸರು ಬೆಳಗಿನಿಂದ ಒಂದಕ್ಕೂ ಕೈ ಎತ್ತಿರಲಿಲ್ಲ. ಅವರನ್ನು ಯಾರೂ ಕರೆದೂ ಇರಲಿಲ್ಲ. ಏಳು ಜನ ಬಂದರು, ಏಪ್ರನ್ ಕಟ್ಟಿಕೊಂಡೇ, ಮೊಣಕೈವರೆಗೆ ಹಿಟ್ಟು. ಅವರ ಹಿಂದೆ ತಾನೂ ಒಂದು ಏಪ್ರನ್ ಕಟ್ಟಿಕೊಂಡು ಖಾಜಾ ಭಾಯಿ.

"ಏನಾತು? ಊಟಕ್ಕ ಇನ್ನಾ ಹತ್ತು ಮಿನಿಟ್ ಐತಿ" ಎಂದರು. ಸುಜಾತಾ ಅವರ ಎರಡೂ ಕೈ ಹಿಡಿದು ಕೆಳಗೆ ಒತ್ತಿಕೊಂಡಳು. ಒಬ್ಬನ ಕೈ ಸಾಕಾಗಿತ್ತು ಅವಳಿಗೆ.

ಮತ್ತೆ ಕೈಗಳು ಎದ್ದವು. ಆರು ಹಿಟ್ಟಿನ ಕೈ ಪರವಾಗಿ, ಒಂದು ವಿರೋಧ. ಕೆಂಪು ಟೋಪಿಯ ಮುದುಕ ಈ ಸಲವೂ ವಿರೋಧವೇ. ನೂರಾ ಮೂರು, ಐವತ್ತು. ನೂರಾ ಎರಡು ಬೇಕಿತ್ತು. ಒಂದು ಹೆಚ್ಚು! ನಾನು ಎರಡು ಸಲ ಮನಸ್ಸಿನಲ್ಲಿ ಲೆಕ್ಕ ಹಾಕಿ ಆಮೇಲೆ ಉಸಿರು ಬಿಟ್ಟೆ. ಚಪ್ಪಾಳೆ ತಟ್ಟಲಿಲ್ಲ, ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದೆ.

ಊಟದಲ್ಲಿ ಎಲೆನ್ ತಾನೇ ಒಂದು ದೊಡ್ಡ ತುಂಡು ಸೇಬಿನ ಸಿಹಿಕಡುಬು ತಂದು ನನ್ನ ತಟ್ಟೆಗೆ ಹಾಕಿದಳು. "ಐದು ಮಿನಿಟ್ ನಿಮ್ಮ ಮ್ಯಾಲ ಭಾಳ ಸಿಟ್ಟಿತ್ತು" ಎಂದಳು. "ಆಮ್ಯಾಲ ಹಸಿವಾತು." ಟೋಪಿಯ ಮುದುಕ ಎದುರಿಗೆ ಬಂದು ಕೂತು ಉಪ್ಪಿನ ಡಬ್ಬಿ ನನ್ನ ಕಡೆ ಸರಿಸಿದ. ಅವನ ಮೊಮ್ಮಗಳ ಮನೆಗೆ ಶಾಲೆಯ ಹಿಂದಿನ ಪಾಳು ಜಾಗ ನೋಡೋಣವೆಂದು ಎಲೆನ್ ಅವನಿಗೆ ಹೇಳುತ್ತಿದ್ದಳು. ಅವನು ಗುರ್ ಎನ್ನುತ್ತಿದ್ದ, ಆದರೆ ಎದ್ದು ಹೋಗಲಿಲ್ಲ.

ಕೊನೆಯ ದಿನ

ಬುಧವಾರ ಹೊಲದ ಅಳತೆ. ಅವರ ಸರ್ವೇಯರ್ ಮೂವತ್ತು ದಾಟದ ಹುಡುಗಿ. ಮೂರು ಕಾಲಿನ ಯಂತ್ರ ಹೂಡಿದಳು, ನಾನು ಬಳಸುವಂಥದ್ದೇ. ನಾನೂ ಇದೇ ಕಸುಬಿನವನೆಂದು ತಿಳಿದು, ದೂರದ ಮೂಲೆಯಲ್ಲಿ ಅಳತೆಕೋಲು ಹಿಡಿದು ನಿಲ್ಲುತ್ತೀರಾ ಎಂದು ಕೇಳಿದಳು. ಮೂವತ್ತೈದು ವರ್ಷ ನಾನು ಯಂತ್ರದ ಹಿಂದೆ ನಿಂತವನು. ಕೋಲು ಹಿಡಿಯುವುದು ನಮ್ಮಪ್ಪನ ಕೆಲಸ. ಸಂತೋಷದಿಂದ ಹಿಡಿದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಮೂಲೆಯಿಂದ ಮೂಲೆಗೆ, ಕಲ್ಲುಗೋಡೆಗುಂಟ, ತೊಳೆಸಿಕೊಂಡ ಬೂಟಿಗೆ ಆ ಊರಿನ ಕೆಂಚುಮಣ್ಣು ಮೆತ್ತಿಕೊಂಡು ನಡೆದೆ. ಇಷ್ಟು ಹಗುರವಾಗಿ ಯಾವ ಹೊಲದಲ್ಲೂ ನಡೆದ ನೆನಪಿಲ್ಲ.

ಅಳತೆ ಮುಗಿದ ಮೇಲೆ ಟ್ರ್ಯಾಕ್ಟರಿನ ಮುಂಭಾಗದ ಮೇಲೆ ನಕಾಶೆ ಹರಡಿದರು. ಹುಡುಗಿ ನನ್ನ ಕೈಗೆ ಪೆನ್ಸಿಲ್ ಕೊಟ್ಟು, ಇದು ಕರಡು, ಹೊಲದ ನಂಬರನ್ನು ನಿಮ್ಮ ಲಿಪಿಯಲ್ಲಿ ಬರೆಯಿರಿ ಎಂದಳು. ಎಲೆನ್‌ಳೂ ಬಗ್ಗಿ ನಿಂತಳು.

ಹೊಲದ ನಟ್ಟನಡುವೆ ೧ ಎಂದು ಬರೆದೆ. ಅಭ್ಯಾಸಬಲದಿಂದ ಪೆನ್ಸಿಲ್ ಪಕ್ಕಕ್ಕೆ ಸರಿಯಿತು, ಮುಂದಿನ ಪ್ಲಾಟಿನ ನಂಬರ್ ಹಾಕಲು. ಅಲ್ಲಿ ಗೆರೆ ಇರಲಿಲ್ಲ. ಈ ಮೂಲೆಯಿಂದ ಆ ಮೂಲೆಯವರೆಗೆ ಎಲ್ಲೂ ಗೆರೆ ಇರಲಿಲ್ಲ. ನಾನು ಇಷ್ಟು ವರ್ಷ ಬರೆದ ನಕಾಶೆಗಳಲ್ಲಿ ಒಂದರ ನಂತರ ಎರಡು ಇಲ್ಲದ್ದು ಅದೊಂದೇ.